ಎಡಗೈಯಲ್ಲಿ ತೆಗೆದ ವಚನ

ಲವಂಗದ ವಾಸನೆ ಬಂದರೆ ನನಗೆ ಅಡುಗೆ ನೆನಪಾಗುವುದಿಲ್ಲ, ದೇವರ ಮಾತು ನೆನಪಾಗುತ್ತದೆ. ಜೆಪ್ಪಿನ ನಮ್ಮ ಮನೆಯಲ್ಲಿ, ಬೈಬಲಿನ ಒಂದೊಂದು ವಚನ ಬರೆದು ಸುರುಳಿ ಸುತ್ತಿದ ವಾಗ್ದಾನದ ಚೀಟಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಹುಳ ಹಿಡಿಯಬಾರದೆಂದು ಅಮ್ಮ ಅದರೊಳಗೆ ಲವಂಗ ಹಾಕುತ್ತಿದ್ದಳು. ಡಬ್ಬಿ ನೀಲಿ ಬಣ್ಣದ್ದಾಗಿತ್ತು ಎಂದು ಬರೆಯಹೊರಟೆ. ಆದರೆ ಅದು ಈಗ ನನ್ನ ಮುಂದೆಯೇ ಇದೆ. ಬಣ್ಣವೆಲ್ಲ ಹೋಗಿ ಬರೀ ತಗಡು ಉಳಿದಿದೆ. ನೀಲಿ ಎಂಬುದು ನನ್ನ ಆಸೆಯೇ ಇರಬಹುದು. ಅಂಥದೊಂದು ಡಬ್ಬಿ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಹೊಸ ವರ್ಷದ ಬೆಳಿಗ್ಗೆ ದೇವಾಲಯದಿಂದ ಬಂದು, ಬೆಂದ ಅಕ್ಕಿಪುಂಡಿಯ ಹಬೆ ಇನ್ನೂ ಅಡುಗೆಮನೆಯಲ್ಲಿರುವಾಗಲೇ, ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಸುರುಳಿ ತೆಗೆದು ಗಟ್ಟಿಯಾಗಿ ಓದಬೇಕು. ಆ ವಚನ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಊರಲ್ಲಿ ಇಲ್ಲದವರ ಹೆಸರಿನಲ್ಲಿ ಮನೆಯ ಹಿರಿಯರು ತೆಗೆಯುತ್ತಿದ್ದರು. ಅಮ್ಮ ಅದನ್ನು ಎಡಗೈಯಲ್ಲಿ ತೆಗೆಯುತ್ತಿದ್ದಳು. ಬಲಗೈಗೆ ತನ್ನ ಆಸೆಯ ಅಭ್ಯಾಸ ಉಂಟು, ಎಡಗೈಗೆ ಏನೂ ಗೊತ್ತಿಲ್ಲ ಎನ್ನುತ್ತಿದ್ದಳು.

ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಹೋಗಿದ್ದರು. ಅಣ್ಣ ಸಮುವೇಲ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಮೊದಲನೆಯ ಯುದ್ಧದ ಕಾಲದಲ್ಲಿ, ಮದುವೆಯಾದ ಮರುವರ್ಷವೇ, ಬಸ್ರಾಕ್ಕೆ ಸೈನ್ಯದ ಕೆಲಸಕ್ಕೆ ಹೋಗುವವರ ಜೊತೆ ಹಡಗು ಹತ್ತಿದ. ನನಗೆ ನೆನಪಿರುವುದು ಅವನ ಬೆನ್ನು ಮಾತ್ರ: ಬೆವರಿಗೆ ಅಂಟಿಕೊಂಡ ಬಿಳಿ ಅಂಗಿ, ಹೆಗಲಿಗೇರಿಸಿದ ಟ್ರಂಕು. ಮುಖದ ಫೋಟೋ ಒಂದು ಗೋಡೆಯಲ್ಲಿತ್ತು, ಆದ್ದರಿಂದ ಅವನ ಮುಖದ ನೆನಪನ್ನು ನಾನು ನಂಬುವುದಿಲ್ಲ. ಬೆನ್ನಿನ ಫೋಟೋ ಯಾರೂ ತೆಗೆದಿರಲಿಲ್ಲ, ಹಾಗಾಗಿ ಅದು ನನ್ನದೇ. ಆ ವರ್ಷ ಡಬ್ಬಿಯಿಂದ ಅವನ ಕೈಗೆ ಬಂದದ್ದು ದೇವರು ಯಾಕೋಬನಿಗೆ ಹೇಳಿದ ಮಾತು: ಹೋದಲ್ಲೆಲ್ಲ ಕಾಯುತ್ತೇನೆ, ಮತ್ತೆ ಈ ದೇಶಕ್ಕೆ ಕರೆದು ತರುತ್ತೇನೆ ಎಂಬುದು. ಕೆಲವು ಕಾಗದಗಳು ಬಂದವು. ಆಮೇಲೆ ಸರಕಾರದಿಂದ ಒಂದು ಬಂತು. ಸತ್ತ ಎಂದು ಅದರಲ್ಲಿರಲಿಲ್ಲ, ಎಲ್ಲಿದ್ದಾನೆಂದು ತಿಳಿದಿಲ್ಲ ಎಂದಿತ್ತು. ಅಮ್ಮನಿಗೆ ಅಷ್ಟು ಸಾಕಾಗಿತ್ತು. ಪ್ರತಿ ಹೊಸ ವರ್ಷವೂ ಅವನ ಹೆಸರಿನ ಸುರುಳಿ ತೆಗೆಯುತ್ತಲೇ ಇದ್ದಳು.

ಅತ್ತಿಗೆ ಸುಗುಣ ನೇಯ್ಗೆಯ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಿದ್ದಳು. ಸಂಜೆ ಬರುವಾಗ ಅವಳ ತಲೆಯ ಮೇಲೆ ಹತ್ತಿಯ ಧೂಳು ಕೂತಿರುತ್ತಿತ್ತು. "ನೋಡು, ಈಗಲೇ ಅಜ್ಜಿಯಾದೆ ಮಾರಾಯ್ತಿ," ಎಂದು ನನ್ನೆದುರು ತಲೆ ಬಗ್ಗಿಸುತ್ತಿದ್ದಳು, ನಾನು ಊದುತ್ತಿದ್ದೆ. ನಗುತ್ತಿದ್ದಳು, ಚೆನ್ನಾಗಿ ಹಾಡುತ್ತಿದ್ದಳು. ನಮ್ಮ ಸಭೆಯಲ್ಲಿ ಐಸಾಕ ಎಂಬ, ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವನಿದ್ದ, ಹೆಂಡತಿ ಹೆರಿಗೆಯಲ್ಲಿ ಹೋದವಳು. ಕಾಣೆಯಾದವನಿಗಾಗಿ ನಿಯಮದಂತೆ ಕಾಯಬೇಕಾದ ವರ್ಷಗಳೆಲ್ಲ ಕಳೆದ ಮೇಲೆ ಅವನ ಪರವಾಗಿ ಪಾದ್ರಿ ಅಯ್ಯನವರೇ ನಮ್ಮ ಮನೆಗೆ ಬಂದರು. ಮಗ ಇನ್ನಿಲ್ಲ ಎಂದು ತಾಯಿಯೂ ಹೆಂಡತಿಯೂ ಸಭೆಯ ಹಿರಿಯರ ಮುಂದೆ ಹೇಳಿದರೆ ಐಸಾಕನ ಜೊತೆ ಅತ್ತಿಗೆಯ ಮದುವೆಗೆ ಅಡ್ಡಿಯಿಲ್ಲ ಎಂದರು. ಅತ್ತಿಗೆ ಬಾಗಿಲ ಹಿಂದೆ ನಿಂತಿದ್ದಳು. ಅವಳ ಉಸಿರು ನನ್ನ ತಲೆಗೆ ತಾಗುತ್ತಿತ್ತು.

"ದೇವರು ಸುಳ್ಳು ಹೇಳಿದ ಅಂತ ನಾನು ಹೇಳ್ಬೇಕಾ, ಅಯ್ಯನವರೇ?" ಎಂದಳು ಅಮ್ಮ.

"ಹಾಗಲ್ಲಮ್ಮ. ಕರೆದು ತರುವುದು ಅಂದ್ರೆ ಜೆಪ್ಪಿಗೇ ತರ್ಬೇಕು ಅಂತ ಎಂತ ಉಂಟು? ಪರಲೋಕವೂ ನಮ್ಮ ಮನೆಯೇ ಅಲ್ವಾ?"

"ಈ ದೇಶ ಅಂತ ಉಂಟು ಅದರಲ್ಲಿ. ಪರಲೋಕ ಅಂತ ಇಲ್ಲ. ನೀವೇ ಕಲಿಸಿದ್ದು, ಒಂದು ಅಕ್ಷರ ಬಿದ್ದುಹೋಗುವುದಿಲ್ಲ ಅಂತ."

ಅಯ್ಯನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದಳೋ ಎಂದು ಬರೆಯಲು ಕೈ ತುರಿಸುತ್ತದೆ, ಬರೆಯುವುದಿಲ್ಲ. ಕಂಡದ್ದು ಇಷ್ಟೇ: ಅವಳು ಬಂದು ಲೋಟ ಎತ್ತಿಕೊಂಡು ಹೋಗಿ ತೊಳೆದಳು. ಪಕ್ಕದ ಮನೆಯ ಮಾರ್ಥಬಾಯಿ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೇಳುವಂತೆ, "ಹುಡುಗಿಯನ್ನು ಮಾವಿನಕಾಯಿ ಹಾಗೆ ಉಪ್ಪಿಗೆ ಹಾಕಿ ಇಟ್ಟಿದ್ದಾಳೆ ಮಾರಾಯ್ತಿ, ಮಗ ಬಂದ ಮೇಲೆ ಬಡಿಸಲಿಕ್ಕೆ," ಎಂದಳು. ಅಮ್ಮ ಕೊಡ ತುಂಬಿಸಿಕೊಂಡು ಬಂದಳು. ಅವಳು ಕೆಟ್ಟವಳಾಗಿರಲಿಲ್ಲ. ಊಟಕ್ಕೆ ಕೂತಾಗ ಮೀನಿನ ದಪ್ಪ ತುಂಡು ಅತ್ತಿಗೆಯ ತಟ್ಟೆಗೇ ಬೀಳುತ್ತಿತ್ತು. ದೇವರ ಮಾತನ್ನು ಮಾತ್ರ ಅವಳು ಯಾರಿಗಾಗಿಯೂ ಬಿಟ್ಟುಕೊಡಲಾರಳು.

ಐಸಾಕ ಕಾದ. ಎಷ್ಟು ಕಾಲ ಎಂಬುದರಲ್ಲಿ ನನ್ನ ನೆನಪು ಪ್ರತಿಸಲವೂ ಬೇರೆ ಹೇಳುತ್ತದೆ. ಕೊನೆಗೆ ಉಡುಪಿ ಕಡೆಯ ಒಬ್ಬಳನ್ನು ಮದುವೆಯಾದ. ಆ ಮದುವೆಯಲ್ಲಿ ಅತ್ತಿಗೆ ಗಾಯಕರ ಸಾಲಿನಲ್ಲಿ ನಿಂತು ಹಾಡಿದಳು. ಅವಳ ಸ್ವರ ನಡುಗಿತು ಎಂದರೆ ಕಥೆ ಚೆಂದವಾಗುತ್ತಿತ್ತು, ನಡುಗಲಿಲ್ಲ. ಎಂದಿನಂತೆ ಮೇಲಿನ ಸ್ವರವನ್ನು ಸಲೀಸಾಗಿ ಮುಟ್ಟಿ ಇಳಿಯಿತು. ಅಮ್ಮ ಹಾಡಿನುದ್ದಕ್ಕೂ ಅವಳನ್ನೇ ನೋಡುತ್ತಿದ್ದಳು. ಮನೆಗೆ ಬಂದು ಊಟ ಬೇಡವೆಂದಳು.

ಮುಂದಿನ ಹೊಸ ವರ್ಷದ ಬೆಳಿಗ್ಗೆ ಡಬ್ಬಿ ಎಂದಿನಂತೆ ಸುತ್ತು ಬಂತು. ಅಮ್ಮ ತೆಗೆದಳು, ಅತ್ತಿಗೆ ತೆಗೆದಳು, ನಾನು ತೆಗೆದೆ. ಆಮೇಲೆ ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಎಡಗೈ ಮಡಿಲಲ್ಲೇ ಇತ್ತು, ಮುಷ್ಟಿ ಕಟ್ಟಿಕೊಂಡು. "ತಿಂಡಿ ತಿನ್ನುವ," ಎಂದಳು. ಮಗ ಸತ್ತ ಎಂದು ಅವಳು ಹೇಳಿದ್ದು ಅಷ್ಟೇ. ಹಿರಿಯರ ಮುಂದೆ ಹೇಳಲಾರದ್ದನ್ನು ಸೊಸೆಯ ಮುಂದೆ ಹೇಳಿದ್ದಳು, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ಅತ್ತಿಗೆ ಏಳಲಿಲ್ಲ. ಕೈ ಚಾಚಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮುಚ್ಚಳ ತೆಗೆದಾಗ ಲವಂಗದ ಘಾಟು ಮತ್ತೆ ಎದ್ದಿತು.

"ಅವರದ್ದು ಉಳಿಯಿತಲ್ಲ ಮಾಮಿ," ಎಂದಳು.

"ಬೇಡ ಮಗಾ. ಸಾಕು."

"ಸಾಕು ಅಂತ ನೀವು ಹೇಳ್ತೀರಿ. ಈಗ ನನಗೆ ಬೇರೆ ಎಂತ ಉಂಟು?"

ಕಣ್ಣು ಮುಚ್ಚಿ ಎಡಗೈಯಲ್ಲಿ ಒಂದು ಸುರುಳಿ ತೆಗೆದಳು.

ಅಮ್ಮ ಹೋದ ಮೇಲೂ ಅವಳು ತೆಗೆಯುವುದನ್ನು ಬಿಡಲಿಲ್ಲ. ಕೂದಲು ನಿಜಕ್ಕೂ ಬೆಳ್ಳಗಾದಾಗ ಧೂಳು ಯಾವುದು, ಕೂದಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅತ್ತಿಗೆಯೂ ಹೋದಳು. ಡಬ್ಬಿ ನನ್ನ ಪಾಲಿಗೆ ಬಂತು. ಅಣ್ಣನಿಗೆ ಬಂದ ವಚನಗಳಲ್ಲಿ ಹೆಚ್ಚಿನವು ನನಗೆ ಈಗಲೂ ಬಾಯಿಪಾಠ, ಏಕೆಂದರೆ ನಾವು ಕಿವಿಗೊಟ್ಟು ಕಾಯುತ್ತಿದ್ದುದು ಅದಕ್ಕೇ. ಅತ್ತಿಗೆಯೂ ಪ್ರತಿವರ್ಷ ತನ್ನದೊಂದನ್ನು ತೆಗೆಯುತ್ತಿದ್ದಳು, ಆ ಸಲೀಸಾದ ಸ್ವರದಲ್ಲಿ ಗಟ್ಟಿಯಾಗಿಯೇ ಓದುತ್ತಿದ್ದಳು. ದೇವರು ಅವಳಿಗೆ ಏನೆಂದು ಮಾತು ಕೊಟ್ಟಿದ್ದ ಎಂಬುದು, ಒಂದಾದರೂ, ನನಗೆ ನೆನಪಿಲ್ಲ.