ಫ್ಯೂಸಿಗೆ ಬಡ್ತಿ ಕೊಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ದಾಖಲೆ ಕಚೇರಿಯ ಸೂಪರಿಂಟೆಂಡೆಂಟ್. ತಮಗೆ ಗೊತ್ತಿಲ್ಲದ ವಿಷಯವೊಂದು ಇದ್ದರೆ ಅದು ತಿಳಿಯಲು ಯೋಗ್ಯವೇ ಅಲ್ಲ ಎಂದು ನಂಬಿದವರು. ಡಾಕ್ಟರ ಹತ್ತಿರ ಹೋದರೂ ಕಾಯಿಲೆ ಹೇಳುವುದಿಲ್ಲ, ಯಾವ ಮಾತ್ರೆ ಬರೆಯಬೇಕೆಂದು ಹೇಳುತ್ತಾರೆ. ಅವರೊಡನೆ ಇಪ್ಪತ್ತೆಂಟು ವರ್ಷ ಏಗಿದ ಚಿಕ್ಕಮ್ಮ 'ಹೂಂ' ಎನ್ನುವುದರಲ್ಲಿ ಪಳಗಿದ್ದರು. ಆ 'ಹೂಂ' ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಚಿಕ್ಕಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಹೊಲಿದ ಬಟ್ಟೆಯ ಗಂಟುಗಳು ಅಂಗಡಿಗೆ ಹೋಗಬೇಕೆಂದರೆ ಚಿಕ್ಕಪ್ಪನಿಗೆ ಮನಸ್ಸು ಬರಬೇಕು. ಅವರಿಗೆ ಮನಸ್ಸು ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತಿತ್ತು. ಅದಕ್ಕೇ ಚಿಕ್ಕಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ ತಮ್ಮ ದುಡಿಮೆಯಲ್ಲೇ ಒಂದು ಹಳೆಯ ಕಾರು ಕೊಂಡು, ಓಡಿಸಲು ಕಲಿತರು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಮೂರನೆಯದು ಸೋಮವಾರ ಇತ್ತು. ಅದೂ ಹೋದರೆ ಇನ್ನು ಎರಡು ತಿಂಗಳು ಅರ್ಜಿ ಹಾಕುವಂತಿರಲಿಲ್ಲ.

ಆ ವಾರವೇ ಬ್ರೇಕ್ ಲೈಟು ಕೈಕೊಟ್ಟಿತು. ಗ್ಯಾರೇಜಿನ ಎಲೆಕ್ಟ್ರಿಷಿಯನ್ ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದು, ಎರಡು ಕಾಲಿನ ಪುಟ್ಟ ಕೆಂಪು ಪ್ಲಾಸ್ಟಿಕ್ ತುಂಡೊಂದನ್ನು ಎಳೆದು ಬೆಳಕಿಗೆ ಹಿಡಿದ. ಒಳಗಿನ ತಂತಿ ಕರಗಿ ತುಂಡಾಗಿತ್ತು.

"ಫ್ಯೂಸ್ ಹೋಗಿದೆ ಅಮ್ಮಾ. ಹತ್ತು ಆಂಪಿಯರ್‌ದು. ಹತ್ತರ ಜಾಗಕ್ಕೆ ಹತ್ತೇ ಹಾಕ್ಬೇಕು. ಮತ್ತೆ ಹೋದ್ರೆ ವಯರ್ ಎಲ್ಲೋ ಸವೆದು ತಗಡಿಗೆ ತಾಗ್ತಿದೆ ಅಂತ ಅರ್ಥ. ಗಾಡಿ ತನ್ನಿ, ಹುಡುಕೋಣ."

ಮರುದಿನವೇ ಮತ್ತೆ ಹೋಯಿತು. ಗ್ಯಾರೇಜಿಗೆ ಹೊರಟ ಚಿಕ್ಕಮ್ಮನನ್ನು ಚಿಕ್ಕಪ್ಪ ತಡೆದರು.

"ಅವನ ಮಾತು ಕಟ್ಕೊಂಡು ಕುಣೀಬೇಡ. ಹತ್ತು ತಡ್ಕೊಳ್ಳಲ್ಲ ಅಂದ್ರೆ ಮೂವತ್ತರದು ಹಾಕಿದ್ರಾಯ್ತು. ಗಟ್ಟಿಯಾಗಿರುತ್ತೆ."

"ಹತ್ತೇ ಹಾಕ್ಬೇಕು ಅಂದ್ರಲ್ಲ ರೀ ಅವ್ರು?"

"ಅವನೇನು ಓದಿದಾನೆ?"

"ಹೂಂ."

ಕಚೇರಿಯಲ್ಲಿ ಒಬ್ಬ ಗುಮಾಸ್ತನಿಗೂ ಬಡ್ತಿಗೆ ಶಿಫಾರಸು ಮಾಡದ ಮನುಷ್ಯ ಫ್ಯೂಸಿಗೆ ಒಂದೇ ಏಟಿಗೆ ಹತ್ತರಿಂದ ಮೂವತ್ತಕ್ಕೆ ಬಡ್ತಿ ಕೊಟ್ಟರು. ಮೂವತ್ತರ ಹಸಿರು ಫ್ಯೂಸು ಕೂತಿತು, ಲೈಟು ಹತ್ತಿತು, ಎರಡು ದಿನ ಏನೂ ಆಗಲಿಲ್ಲ. ಚಿಕ್ಕಪ್ಪ ಬೀದಿಯಲ್ಲಿ ಉಪನ್ಯಾಸ ಶುರು ಮಾಡಿದರು. ಬೇಡ ಬೇಡವೆಂದರೂ ಎದುರುಮನೆಯವರ ಕಾರಿಗೂ ಒಂದನ್ನು ಸಿಕ್ಕಿಸಿ ಬಂದರು. ನಮ್ಮ ಕಾರಿನ ವಯರು ಮಾತ್ರ ಸವೆದದ್ದು ಸವೆದೇ ಇತ್ತು. ದೂರು ಹೇಳುವವನ ಬಾಯಿ ಮುಚ್ಚಿಸಿ ಊರು ನೆಮ್ಮದಿಯಾಗಿದೆ ಎಂದು ವರದಿ ಬರೆಯುವುದು ಅವರಿಗೆ ಕಚೇರಿಯಲ್ಲೇ ರೂಢಿಯಾಗಿತ್ತು.

ಸೋಮವಾರ ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರು ಚಿಕ್ಕಮ್ಮನ ಪಕ್ಕ ಕೂತರು. ಚಿಕ್ಕಪ್ಪ ಮತ್ತು ನಾನು ಬೇಲಿಯ ಹತ್ತಿರ ನಿಂತೆವು. ಎರಡು ಸಲ ಕೈಕೊಟ್ಟಿದ್ದ ಏರಿನಲ್ಲಿ ಚಿಕ್ಕಮ್ಮ ಗಾಡಿಯನ್ನು ಸಲೀಸಾಗಿ ಹತ್ತಿಸಿದರು. ಹಿಂದಕ್ಕೆ ತೆಗೆಯುವಾಗ ಒಂದು ಕಂಬಕ್ಕೂ ತಾಗಿಸಲಿಲ್ಲ. ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಎದ್ದಿತು. ಚಿಕ್ಕಮ್ಮ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಇನ್‌ಸ್ಪೆಕ್ಟರನ್ನು ಇಳಿಸಿ, ಬಾನೆಟ್ ಎತ್ತಿ ಬ್ಯಾಟರಿಯ ವಯರು ಬಿಚ್ಚಿದರು. ನಾವು ಓಡಿದೆವು.

ಇನ್‌ಸ್ಪೆಕ್ಟರು ಫ್ಯೂಸ್ ಡಬ್ಬಿ ನೋಡಿದರು. "ಹತ್ತರ ಜಾಗದಲ್ಲಿ ಮೂವತ್ತು! ಫ್ಯೂಸ್ ಸುಡಬೇಕಿತ್ತು, ಅದರ ಬದಲು ವಯರ್ ಸುಟ್ಟಿದೆ. ಯಾರ್ರೀ ಇದನ್ನ ಹಾಕಿದ್ದು?"

"ಆ ಎಲೆಕ್ಟ್ರಿಷಿಯನ್ ಸಾರ್," ಎಂದರು ಚಿಕ್ಕಪ್ಪ, ಕಣ್ಣು ಮಿಟುಕಿಸದೆ. "ನಾನು ಬೇಡ ಅಂತ ಬಡ್ಕೊಂಡೆ." ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಸುಳ್ಳು ಸಾರ್," ಎಂದರು ಚಿಕ್ಕಮ್ಮ. "ಹಾಕಿದ್ದು ಇವ್ರೇ. ತಪ್ಪು ಅಂತ ಗೊತ್ತಿದ್ದೂ ನಾನು ಸುಮ್ನಿದ್ದೆ."

"ನೀವು ಚೆನ್ನಾಗೇ ಓಡಿಸಿದ್ರಿ ತಾಯೀ. ಆದ್ರೆ ಗಾಡಿ ಸರಿ ಇಲ್ಲದಿದ್ರೆ ಪಾಸ್ ಮಾಡೋ ಹಾಗಿಲ್ಲ," ಎಂದು ಇನ್‌ಸ್ಪೆಕ್ಟರು ನಪಾಸು ಬರೆದರು. ಚಿಕ್ಕಮ್ಮ ಅಲ್ಲೇ ಅತ್ತರು. ಚಿಕ್ಕಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಎದುರುಮನೆಯವರ ಕಾರಿನ ಫ್ಯೂಸನ್ನು ಚಿಕ್ಕಪ್ಪ ಆ ಸಂಜೆಯೇ ಕಿತ್ತು ತಂದರು, ಕಾರಣ ಹೇಳಲಿಲ್ಲ. ಎಲೆಕ್ಟ್ರಿಷಿಯನ್ ಸವೆದ ಜಾಗ ಹುಡುಕಿ ಹೊಸ ವಯರು ಎಳೆದ. ಎರಡು ತಿಂಗಳ ನಂತರ ಚಿಕ್ಕಮ್ಮ ಪಾಸಾದರು. ಪರೀಕ್ಷೆಯ ದಿನ ಯಾವತ್ತೆಂದು ಗಂಡನಿಗೆ ಹೇಳಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರು ಗಂಟುಗಳನ್ನು ಹಿಂದೆ ತುಂಬಿ ಸ್ಟೀರಿಂಗ್ ಹಿಡಿದು ಕೂತಾಗ ಚಿಕ್ಕಪ್ಪ ಮುಂದಿನ ಬಾಗಿಲು ತೆರೆದು, "ನಾನೂ ಬರ್ಲಾ?" ಎಂದರು. ಅವರು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬನ್ನಿ," ಎಂದರು ಚಿಕ್ಕಮ್ಮ. "ಕೈ ಮಾತ್ರ ತೊಡೆ ಮೇಲೆ ಇಟ್ಕೊಳ್ಳಿ."