ಓರೆ ಬಿದ್ದ ಸೀಲು

ಮೊನ್ನೆ ಶನಿವಾರ ಇಡ್ಲಿ ಹಿಟ್ಟಿಗೆ ಒಂದು ದೊಡ್ಡ ಪಾತ್ರೆ ಬೇಕಾಗಿ ನಮ್ಮ ಬಡಾವಣೆಯ ಕ್ರಿಂಗ್‌ಲೋಪ್‌ಗೆ ಹೋಗಿದ್ದೆ. ಯುಟ್ರೆಕ್ಟಿನ ಜನ ತಮಗೆ ಬೇಡವಾದ ಸಾಮಾನನ್ನು ಒಂದು ಬಾಗಿಲಲ್ಲಿ ಕೊಟ್ಟು, ಬೇರೆಯವರಿಗೆ ಬೇಡವಾದದ್ದನ್ನು ಇನ್ನೊಂದು ಬಾಗಿಲಿನಿಂದ ಖುಷಿಯಾಗಿ ಹೊತ್ತುಕೊಂಡು ಹೋಗುವ ಹಳೇ ಸಾಮಾನಿನ ಅಂಗಡಿ ಅದು. ಪಾತ್ರೆ ಸಿಗಲಿಲ್ಲ. ಬದಲಿಗೆ ಒಡೆದ ಗಡಿಯಾರಗಳ ಬುಟ್ಟಿಯಲ್ಲಿ ತಗಡಿನ ಒಂದು ಇಂಕ್ ಪ್ಯಾಡ್ ಸಿಕ್ಕಿತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಒಳಗಿನ ನೇರಳೆ ಬಟ್ಟೆ ಒಣಗಿ ಗಟ್ಟಿಯಾಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಆ ವಾಸನೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಜೀವನದಲ್ಲಿ ಒಮ್ಮೆಯಾದರೂ ಅರ್ಜಿ ಹಿಡಿದುಕೊಂಡು ತಾಲ್ಲೂಕು ಕಚೇರಿಯಲ್ಲಿ ನಿಂತಿದ್ದರೆ ಸಾಕು. ನಾನು ಕಣ್ಣು ಮುಚ್ಚಿಕೊಂಡು ತಗಡು ಮೂಸುವುದನ್ನು ನೋಡಿ ಪಕ್ಕದಲ್ಲಿದ್ದ ಡಚ್ ಅಜ್ಜಿ ಎರಡು ಹೆಜ್ಜೆ ಆಚೆ ಸರಿದರು. ಅವರ ತಪ್ಪೇನೂ ಇಲ್ಲ.

ನಮ್ಮ ಅಬ್ಬಾ ಮೂವತ್ತೊಂದು ವರ್ಷ ನಮ್ಮೂರಿನ ಸರ್ಕಾರಿ ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದರು. ಬಂದ ಕಾಗದ ತೆಗೆದುಕೊಳ್ಳುವುದು, ಸೀಲು ಹಾಕುವುದು, ಇನ್‌ವರ್ಡ್ ನಂಬರ್ ಬರೆಯುವುದು, ಯಾವ ಟೇಬಲ್ಲಿಗೆ ಹೋಗಬೇಕೋ ಅದನ್ನು ಅಂಚಿನಲ್ಲಿ ಗುರುತು ಮಾಡುವುದು. ಅಷ್ಟೇ ಕೆಲಸ. ಊಟಕ್ಕೆ ಕೂತಾಗ ಅವರ ಬಲಗೈ ಹೆಬ್ಬೆರಳು ನೇರಳೆಯಾಗಿರುತ್ತಿತ್ತು. ಅಮ್ಮಿ ಎಷ್ಟು ಸೋಪು ಕೊಟ್ಟರೂ ಹೋಗುತ್ತಿರಲಿಲ್ಲ. ನನಗೆ ಆ ಹೆಬ್ಬೆರಳು ಕಂಡರೆ ನಾಚಿಕೆ. ಹೈಸ್ಕೂಲಿನಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ನಾನು ‘ಸರ್ಕಾರಿ ಅಧಿಕಾರಿ’ ಅಂತ ಬರೆದಿದ್ದೆ. ಟೀಚರ್ ಅಬ್ಬಾನನ್ನೇ ಕೇಳಿಬಿಟ್ಟರಂತೆ. ಅಬ್ಬಾ ಮನೆಗೆ ಬಂದು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇಷ್ಟು ದೂರ ಬಂದ ಮೇಲೆ ಸೀಲಿನ ಸಹವಾಸ ತಪ್ಪಿತು ಅಂದುಕೊಂಡಿದ್ದೆ. ಆಗ ಸಾಬಿರಾ ಆಪಾ ಸಿಕ್ಕರು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಮಹಡಿ ಕೆಳಗೆ ಅವರ ಮನೆ. ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಬಂದ ಪಾರ್ಸೆಲ್ಲನ್ನು ಅವರು ತೆಗೆದುಕೊಂಡಿದ್ದರು. ಸಂಜೆ ಇಸಿದುಕೊಳ್ಳಲು ಹೋದರೆ, ಬೂದು ಸ್ಕಾರ್ಫ್ ನೀಟಾಗಿ ಕಟ್ಟಿಕೊಂಡ, ಅರವತ್ತರ ಹತ್ತಿರದ ಹೆಂಗಸೊಬ್ಬರು ಬಾಗಿಲು ತೆಗೆದು, ಪಾರ್ಸೆಲ್ ಕೊಡುವ ಮುಂಚೆ ಒಂದು ಚೀಟಿ ಮುಂದೆ ಹಿಡಿದರು. ‘ಕಂದು ಬಣ್ಣದ ಡಬ್ಬ ಒಂದು, ಮೂಲೆ ಸ್ವಲ್ಪ ಜಜ್ಜಿದೆ, ನನಗೆ ಬರುವಾಗಲೇ ಹಾಗಿತ್ತು.’ ಕೆಳಗೆ ನನ್ನ ಸಹಿಗೆ ಜಾಗ. ಡಬ್ಬದಲ್ಲಿ ಇದ್ದದ್ದು ಮಗಳ ಚಪ್ಪಲಿ. ಈಯಮ್ಮನಿಗೆ ಏನೋ ಆಗಿದೆ ಅಂದುಕೊಂಡೇ ಸಹಿ ಹಾಕಿದೆ.

ಆಮೇಲೆ ಗೊತ್ತಾಯಿತು, ಅವರು ವಕೀಲರು. ವಕೀಲರಾಗಿದ್ದರು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅವರ ದೇಶದ ಹೆಸರು ನಾನು ಬರೆಯುವುದಿಲ್ಲ, ಅವರ ಕಕ್ಷಿದಾರರು ಇನ್ನೂ ಅಲ್ಲಿನ ಜೈಲುಗಳಲ್ಲಿದ್ದಾರೆ. ಸರ್ಕಾರದ ವಿರುದ್ಧ ಬರೆದವರನ್ನು, ಹಾಡಿದವರನ್ನು, ಸುಮ್ಮನೆ ನಿಂತವರನ್ನೂ ಹಿಡಿದುಕೊಂಡು ಹೋಗುವ ದೇಶ. ಅಂಥವರ ಪರ ಇಪ್ಪತ್ತೆರಡು ವರ್ಷ ವಾದಿಸಿದರು. ಕೊನೆಗೆ ವಕೀಲಿಕೆಯ ಸನ್ನದು ಕಿತ್ತುಕೊಂಡು ಅವರನ್ನೇ ಎರಡು ವರ್ಷ ಒಳಗಿಟ್ಟರು. ವಿಚಾರಣೆ ಮಾಡಿದವನು, ‘ನೀನು ನಮಾಜು ಮಾಡುವವಳು, ದೇವರ ಹೆಸರಲ್ಲಿ ಆಳುವವರ ಮೇಲೆ ಅರ್ಜಿ ಹಾಕೋಕೆ ನಾಚಿಕೆ ಆಗಲ್ವಾ?’ ಅಂದನಂತೆ. ಇವರು, ‘ಕಂಡ ಸಾಕ್ಷಿಯನ್ನ ಮುಚ್ಚಿಡೋಕೆ ನಾಚಿಕೆ ಆಗುತ್ತೆ. ನಿಮ್ಮ ಹೆಸರೇನು, ಬರ್ಕೋತೀನಿ,’ ಅಂದರಂತೆ. ಇದನ್ನು ಹೇಳುವಾಗ ಅವರು ಬೆಂಡೆಕಾಯಿ ಹೆಚ್ಚುತ್ತಿದ್ದರು, ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಬಂದಾಗ ಇಬ್ಬರಿಗೂ ಅರ್ಧಂಬರ್ಧ ಬರುವ ಡಚ್ಚಿನಲ್ಲಿ. ನಿಮಗೆ ಕನ್ನಡ ಮಾಡಿ ಹೇಳುತ್ತಿದ್ದೇನೆ. ಆದರೆ ವಕೀಲ, ಅರ್ಜಿ, ಕಾಗದ ಅನ್ನುವಂಥ ಮಾತಿಗೆ ಅನುವಾದ ಬೇಕಾಗುತ್ತಿರಲಿಲ್ಲ. ಹೆಚ್ಚುಕಡಿಮೆ ಅವೇ ಪದ ಅವರ ಕಡೆಯೂ ಇವೆ.

ಅವರ ವಕೀಲಿಕೆಯೆಲ್ಲ ಒಂದೇ ಹಟದ ಮೇಲೆ ನಿಂತಿತ್ತು. ಯಾವ ಕಾಗದ ಕೊಟ್ಟರೂ ನಕಲಿನ ಮೇಲೆ ‘ಬಂದಿದೆ’ ಅಂತ ಸೀಲು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ‘ಅರ್ಜಿ ತಿರಸ್ಕಾರ ಆಗುತ್ತೆ ಅಂತ ಗೊತ್ತಿರ್ತಿತ್ತಲ್ಲ ಆಪಾ?’ ಅಂತ ಕೇಳಿದ್ದೆ. ‘ಆಗಲಿ. ತಿರಸ್ಕಾರಕ್ಕೂ ಸೀಲು ಹಾಕ್ಲಿ. ಸರ್ಕಾರ ಏನು ಬೇಕಾದ್ರೂ ಸುಳ್ಳು ಹೇಳುತ್ತೆ, ತನ್ನ ಸೀಲು ತನ್ನದಲ್ಲ ಅನ್ನೋಕೆ ಮಾತ್ರ ಒದ್ದಾಡುತ್ತೆ,’ ಅಂದರು. ನಮ್ಮ ಅಬ್ಬಾ ಟಪಾಲು ಗುಮಾಸ್ತರು ಅಂತ ಆಗ ಹೇಳಬಹುದಿತ್ತು. ಹೇಳಲಿಲ್ಲ. ಹಳೇ ನಾಚಿಕೆ ಬೇಗ ಹೋಗುವುದಿಲ್ಲ.

ಇನ್ನು ಇದ್ರೀಸ್‌ನ ವಿಷಯ ಹೇಳಬೇಕು. ಅವನು ಆಪಾ ಕಕ್ಷಿದಾರ, ಬಸ್ ಡ್ರೈವರುಗಳ ಸಂಘದ ಕಾರ್ಯದರ್ಶಿ. ಒಂಬತ್ತು ವರ್ಷದ ಹಿಂದೆ ಅವನನ್ನು ಮನೆಯಿಂದ ಎತ್ತಿಕೊಂಡು ಹೋದರು. ‘ನಮ್ಮ ಹತ್ತಿರ ಇಲ್ಲ, ಅವನೇ ದೇಶ ಬಿಟ್ಟು ಹೋಗಿದ್ದಾನೆ,’ ಅಂತ ಸರ್ಕಾರ ಹೇಳಿತು. ಅವನ ತಾಯಿ ಒಂದು ಸ್ವೆಟರ್ ಹೆಣೆದು ಆಪಾ ಕೈಗೆ ಕೊಟ್ಟರು. ಆಪಾ ಆ ಸ್ವೆಟರ್ ಜೊತೆ, ‘ಕೈದಿ ಇದ್ರೀಸ್‌ಗೆ ಇದನ್ನು ತಲುಪಿಸಿ’ ಅನ್ನುವ ಅರ್ಜಿ ಬರೆದುಕೊಂಡು ಒಂದಾದ ಮೇಲೊಂದು ಜೈಲಿಗೆ ಹೋದರು. ಎಲ್ಲ ಕಡೆ ವಾಪಸ್ ಕಳಿಸಿದರು. ಒಂದು ಜೈಲಿನ ಟಪಾಲು ಕಿಟಕಿಯಲ್ಲಿ ಮಾತ್ರ ಒಂದು ಕೈ ಹೊರಗೆ ಬಂದು ಸ್ವೆಟರನ್ನೂ ಅರ್ಜಿಯನ್ನೂ ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ನಕಲು ಹೊರಗೆ ಬಂತು. ಎಡ ಅಂಚಿನಲ್ಲಿ ಓರೆಯಾಗಿ ನೇರಳೆ ಸೀಲು, ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಒಂದು ಸಾಲು: ‘ನಾಲ್ಕನೇ ಬ್ಲಾಕಿಗೆ ಕಳಿಸಿದೆ.’ ಕಿಟಕಿ ಮುಚ್ಚಿತು.

‘ಆ ಗುಮಾಸ್ತನ ಮುಖ ನಾನು ನೋಡ್ಲೇ ಇಲ್ಲ,’ ಅನ್ನುತ್ತಿದ್ದರು ಆಪಾ. ‘ಅವನು ಬೇಕೂಂತ ಬರೆದನೋ, ಕೈ ಅಭ್ಯಾಸಕ್ಕೆ ಬರೆದುಬಿಟ್ಟನೋ, ಅದೊಂದು ಗೊತ್ತಾಗ್ಬೇಕು ನಂಗೆ.’

ಕಾಣೆಯಾದವರ ವಿಷಯ ಕೇಳುವ ಒಂದು ಸಮಿತಿ ಕಳೆದ ವರ್ಷ ಹೇಗ್‌ನಲ್ಲಿ ಕೂತಿತು. ಗುರುವಾರ ಆಪಾ ಸರದಿ. ಇಷ್ಟು ವರ್ಷ ಯಾರದೋ ಮನೆಯಲ್ಲಿ ಅಡಗಿಸಿಟ್ಟಿದ್ದ ಕಾಗದಗಳ ಕಟ್ಟು ಅದರ ಹಿಂದಿನ ಶುಕ್ರವಾರ ಬಂತು. ಅವರ ಹಳೆಯ ಸಹೋದ್ಯೋಗಿಯೊಬ್ಬರು ತಂದರು, ಭಾನುವಾರವೇ ಅದನ್ನು ಬೇರೆ ದೇಶಕ್ಕೆ ಒಯ್ಯುವವರಿದ್ದರು. ವಕೀಲರೂ ಮೂಲ ಕಾಗದವೂ ಒಂದೇ ಮನೆಯಲ್ಲಿ ಮಲಗಬಾರದು ಅನ್ನುವುದು ಆಪಾ ಕಟ್ಟುನಿಟ್ಟು. ನಾನು ಮುಂದೆ ಬಿದ್ದು, ‘ಸ್ಕ್ಯಾನ್ ಮಾಡೋದು ನಂಗೆ ಬಿಡಿ, ನನ್ನ ಕಸುಬೇ ಅದು,’ ಅಂದೆ. ನನ್ನ ಕಸುಬು ಅದಲ್ಲ. ನ್ಯೂವೆಗೈನ್‌ನ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಸರಿ, ಶನಿವಾರ ಮಧ್ಯಾಹ್ನ ಕಟ್ಟು ಕೊಟ್ಟರು. ಜೊತೆಗೆ ಮೂರು ಹಾಳೆಯ ಪಟ್ಟಿ, ಸಹಿ ಹಾಕು ಅಂದರು. ನಲವತ್ಮೂರು ಕಾಗದ, ಒಂದೊಂದರಲ್ಲೂ ಏನಿದೆ, ಸೀಲು ಎಲ್ಲಿದೆ, ಎಲ್ಲಿ ಹರಿದಿದೆ. ನನಗೆ ನಿಜವಾಗಿಯೂ ಬೇಜಾರಾಯಿತು. ಎರಡು ವರ್ಷದಿಂದ ಒಬ್ಬರ ಮನೆಯಲ್ಲೊಬ್ಬರು ಉಂಡಿದ್ದೇವೆ, ಇನ್ನೂ ಸಹಿ ಬೇಕೇ? ಮುಖ ಊದಿಸಿಕೊಂಡೇ ಹಾಕಿದೆ.

ಸ್ಕ್ಯಾನ್ ಮಾಡಿದೆ. ಕಾಗದಗಳು ಹಳೆಯವು, ಚಹಾ ಕಲೆ, ಮಡಿಕೆ ಗುರುತು, ಮಾಸಲು. ಸಮಿತಿಯ ಮುಂದೆ ಹೀಗೆ ಹೋದರೆ ಏನು ಚೆಂದ ಅನ್ನಿಸಿತು. ಒಂದು ಸಣ್ಣ ಪ್ರೋಗ್ರಾಮ್ ಬರೆದೆ: ಕಪ್ಪಗಿರುವುದು ಅಕ್ಷರ, ಕಪ್ಪಲ್ಲದ್ದೆಲ್ಲ ಕೊಳೆ, ತೆಗೆದುಹಾಕು. ಓಡಿಸಿದೆ. ಹಾಲಿನಂಥ ಬಿಳೀ ಹಾಳೆಗಳು ಬಂದವು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಹಳೆಯ ಫೈಲುಗಳ ಮೇಲೆಯೇ ಸೇವ್ ಮಾಡಿಬಿಟ್ಟೆ. ಆಫೀಸಿನಲ್ಲಿ ಹೊಸ ಹುಡುಗಿಯರಿಗೆ ಬ್ಯಾಕಪ್ ಬಗ್ಗೆ ಒಂದೊಂದು ಗಂಟೆ ಉಪದೇಶ ಮಾಡುವವಳು ನಾನೇ. ಭಾನುವಾರ ಕಟ್ಟು ವಿಮಾನ ಹತ್ತಿತು.

ಮಂಗಳವಾರ ಸಂಜೆ ಎಲ್ಲ ಸರಿ ಇದೆಯಾ ಅಂತ ಆಪಾ ಪಟ್ಟಿ ಹಿಡಿದುಕೊಂಡು ಒಂದೊಂದೇ ಹಾಳೆ ನೋಡುತ್ತಾ ಬಂದೆ. ಹತ್ತೊಂಬತ್ತನೆಯದು: ‘ಸ್ವೆಟರ್ ಅರ್ಜಿ. ಎಡ ಅಂಚಿನಲ್ಲಿ ನೇರಳೆ ಸೀಲು, ಓರೆ. ಕೆಳಗೆ ನೀಲಿ ಸಾಲು.’ ಪರದೆಯ ಮೇಲೆ ಎಡ ಅಂಚಿನಲ್ಲಿ ಏನೂ ಇರಲಿಲ್ಲ. ಬಿಳಿ. ಬೇರೆ ಹಾಳೆ ತೆಗೆದೆ, ಅಲ್ಲೂ ಇಲ್ಲ. ಇದ್ರೀಸ್ ಜೈಲಿನಲ್ಲಿದ್ದ ಅನ್ನುವುದಕ್ಕೆ ಲೋಕದಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ನಾನು ಕೊಳೆ ಅಂತ ತೊಳೆದುಹಾಕಿದ್ದೆ. ಮೂಲ ತರಿಸುವುದಕ್ಕೆ ಗುರುವಾರದೊಳಗೆ ಸಾಧ್ಯವೇ ಇರಲಿಲ್ಲ.

ಕೆಳಗೆ ಇಳಿದು ಹೋದೆ. ಆಪಾ ಹೇಗ್‌ಗೆ ಕಟ್ಟಿಕೊಂಡು ಹೋಗುವ ಸ್ಕಾರ್ಫಿಗೆ ಇಸ್ತ್ರಿ ಹಾಕುತ್ತಿದ್ದರು.

‘ಆಪಾ, ಸೀಲೆಲ್ಲ ಅಳಿಸಿಹೋಗಿದೆ.’

ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದರು. ‘ಅಳಿಸಿಹೋಗಿದೆಯೋ, ಯಾರಾದ್ರೂ ಅಳಿಸಿದ್ದೋ?’

‘ನಾನು ಅಳಿಸಿದೆ.’

‘ಹ್ಞಾಂ, ಕೂತ್ಕೊ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ಇಲಾಖೆಯೇ ಇದೆ. ಅಲ್ಲಿ ಯಾರೂ ಇವತ್ತಿನವರೆಗೆ ಒಪ್ಕೊಂಡಿಲ್ಲ. ನೀನು ಒಂದೇ ಪ್ರಶ್ನೆಗೆ ಒಪ್ಕೊಂಡೆ.’

ನಾನು ಅಳುತ್ತಿದ್ದೆ. ಅವರು ಒಳಗೆ ಹೋಗಿ ಸೂಪರ್‌ಮಾರ್ಕೆಟ್ಟಿನ ಒಂದು ಚೀಲ ತಂದು ನನ್ನ ತೊಡೆಯ ಮೇಲಿಟ್ಟರು. ನಲವತ್ಮೂರು ಬಣ್ಣದ ನಕಲು. ಶನಿವಾರ ಬೆಳಿಗ್ಗೆ, ಕಟ್ಟನ್ನು ನನಗೆ ಕೊಡುವ ಮುಂಚೆ, ಲೈಬ್ರರಿಗೆ ಹೋಗಿ ಮಾಡಿಸಿದ್ದರು. ಮೂಲದ ಜೊತೆ ಹೋಲಿಸಿ ನೋಡಿದ್ದೇನೆ ಅಂತ ಪ್ರತಿ ಹಾಳೆಯ ಹಿಂದೆ ಅಲ್ಲಿನ ಹೆಂಗಸಿನ ಕೈಲಿ ಸಹಿ ಹಾಕಿಸಿದ್ದರು. ಆ ಪಾಪದ ಹೆಂಗಸು ನಲವತ್ಮೂರು ಸಹಿ ಹಾಕಿದಳಲ್ಲ, ಅದು ಬೇರೆಯೇ ಆಶ್ಚರ್ಯ.

‘ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?’ ಅಂತ ಕೇಳಿದೆ. ಕೇಳುವ ಮುಖವಾದರೂ ನನಗೆಲ್ಲಿತ್ತು.

‘ಇತ್ತು. ನನ್ನ ಮೇಲೂ ಇದೆ. ಆದ್ರೂ ಮನೆ ಬೀಗ ಎರಡು ಸಲ ಎಳೆದು ನೋಡ್ತೀನಿ.’ ಮತ್ತೆ ಇಸ್ತ್ರಿಗೆ ನಿಂತರು.

ಗುರುವಾರ ನಾನು ರಜೆ ಹಾಕಿ ಚೀಲ ಹೊತ್ತುಕೊಂಡು ಜೊತೆಗೆ ಹೋದೆ. ರೈಲು ಜೂಟರ್‌ಮೀರ್ ದಾಟುವ ಹೊತ್ತಿಗೆ ನಾನು ಚೀಲದ ಹಾಳೆಗಳನ್ನು ಮೂರನೇ ಸಲ ಎಣಿಸುತ್ತಿದ್ದೆ, ಅವರು ಚೀಸ್ ಬ್ರೆಡ್ ತಿನ್ನುತ್ತಿದ್ದರು. ಸಮಿತಿಯ ಮುಂದೆ ಅವರ ದೇಶದ ಪ್ರತಿನಿಧಿ, ‘ಈ ವ್ಯಕ್ತಿ ಯಾವತ್ತೂ ನಮ್ಮ ವಶದಲ್ಲಿರಲಿಲ್ಲ,’ ಅಂದ. ಆಪಾ ಹತ್ತೊಂಬತ್ತನೇ ಹಾಳೆ ಎತ್ತಿ ಹಿಡಿದರು. ಸೀಲು ನಿಮ್ಮದೇ ಅಲ್ಲವೇ ಅಂದರು. ಅವನು ಬಗ್ಗಿ ನೋಡಿ, ಸೀಲು ನಮ್ಮದಿರಬಹುದು ಅಂದ. ‘ಹಾಗಾದ್ರೆ ಹೇಳಿ, ಇಲ್ಲದ ಮನುಷ್ಯನ ಸ್ವೆಟರನ್ನ ನಾಲ್ಕನೇ ಬ್ಲಾಕಿಗೆ ಯಾಕೆ ಕಳಿಸಿದ್ರಿ? ಅಲ್ಲಿ ಯಾರಿಗೆ ಚಳಿ ಆಗ್ತಿತ್ತು?’ ದನಿ ಏರಿಸಲೇ ಇಲ್ಲ. ಅವನು ತನ್ನ ಫೈಲಿನ ಹಾಳೆ ಮಗುಚುತ್ತಾ ಹೋದ.

ಆಮೇಲೆ ತಿಂಗಳುಗಟ್ಟಲೆ ಪತ್ರ ಹೋದವು, ಪತ್ರ ಬಂದವು. ಕಳೆದ ತಿಂಗಳು ಇದ್ರೀಸ್‌ನ ತಾಯಿಗೆ ಜೈಲಿನಿಂದ ಭೇಟಿಗೆ ಕರೆ ಬಂತು. ಗಾಜಿನ ಆಚೆ ಈಚೆ ಇಪ್ಪತ್ತು ನಿಮಿಷ. ಮಗನ ತಲೆ ಪೂರ್ತಿ ಬೆಳ್ಳಗಾಗಿದೆ. ಅವನು ಮೊದಲು ಹೇಳಿದ ಮಾತು, ‘ಅಮ್ಮಾ, ಸ್ವೆಟರ್ ಬಂದಿತ್ತು.’ ಭೇಟಿಯ ಚೀಟಿಯ ಫೋಟೋವನ್ನು ಆ ತಾಯಿ ಆಪಾಗೆ ಕಳಿಸಿದರು. ಅದರ ಮೇಲೂ ಸೀಲಿತ್ತು. ಬಿಡುಗಡೆಗೆ ಆಪಾ ಈಗ ಮುಂದಿನ ಅರ್ಜಿ ಬರೆಯುತ್ತಿದ್ದಾರೆ. ಬರೆದಾರು, ಬಿಡಿಸಿಯೂ ಬಿಡಿಸಿಯಾರು. ಅದರಲ್ಲಿ ನನಗೆ ಅನುಮಾನ ಇಲ್ಲ.

ಮೊನ್ನೆ ಕ್ರಿಂಗ್‌ಲೋಪ್‌ನಿಂದ ಪಾತ್ರೆ ಬದಲು ಇಂಕ್ ಪ್ಯಾಡ್ ತಂದೆನಲ್ಲ, ಭಾನುವಾರ ಅದನ್ನು ಆಪಾಗೆ ಕೊಟ್ಟು, ಕೊನೆಗೂ ಅಬ್ಬಾ ವಿಷಯ ಹೇಳಿದೆ. ‘ಮೂರು ವರ್ಷ ಯಾಕೆ ಹೇಳ್ಲಿಲ್ಲ? ಈಗ್ಲೇ ಫೋನ್ ಮಾಡು,’ ಅಂದರು. ಅಬ್ಬಾ ಈಗ ನನ್ನ ಅಕ್ಕನ ಮನೆಯಲ್ಲಿದ್ದಾರೆ. ವಿಡಿಯೋ ಕಾಲಿನಲ್ಲಿ ಮೊದಲು ಅವರ ಹಣೆ ಕಾಣಿಸಿತು, ಆಮೇಲೆ ಫ್ಯಾನು, ಆಮೇಲೆ ಅವರು. ಮನೆ ಮಾತೆಲ್ಲ ನಾವು ದಖನಿಯಲ್ಲಿ ಆಡುವುದು. ಕಚೇರಿ ವಿಷಯ ಬಂದರೆ ಮಾತ್ರ ಅಬ್ಬಾ ತಾನಾಗಿ ಕನ್ನಡಕ್ಕೆ ತಿರುಗುತ್ತಾರೆ. ಕಥೆಯೆಲ್ಲ ಹೇಳಿ, ಹತ್ತೊಂಬತ್ತನೇ ಹಾಳೆಯನ್ನು ಫೋನಿಗೆ ಹಿಡಿದೆ.

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಅಭ್ಯಾಸಬಲ ಅಲ್ಲಮ್ಮ ಇದು,’ ಅಂದರು. ‘ಟೇಬಲ್ ಮೇಲಿಟ್ಟು ಹಾಕಿದ್ರೆ ಸೀಲು ನೇರ ಬೀಳುತ್ತೆ. ಇದು ನೋಡು, ಓರೆ. ಒಂದು ಕಡೆ ಗಾಢ, ಇನ್ನೊಂದು ಕಡೆ ಮಸುಕು. ತೊಡೆ ಮೇಲಿಟ್ಕೊಂಡು ಹಾಕಿದ್ದಾನೆ. ಮೇಲಿಟ್ರೆ ಪಕ್ಕದವನು ನೋಡ್ತಾನಲ್ಲ. ಆ ಮನುಷ್ಯ ಎಲ್ಲ ಗೊತ್ತಿದ್ದೇ ಹಾಕಿದ್ದು.’

ಆಪಾಗೆ ಹೇಳಿದೆ. ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಜೈಲಿನ ಕಥೆ ಹೇಳುವಾಗಲೂ ಕೈ ನಿಲ್ಲಿಸದವರ ಕಣ್ಣಲ್ಲಿ ನಾನು ನೀರು ನೋಡಿದ್ದು ಅವತ್ತೇ.

‘ಅಬ್ಬಾ, ತೊಡೆ ಮೇಲಿಟ್ಟು ಹಾಕೋದು ನಿಮಗೆ ಹೇಗೆ ಗೊತ್ತು?’

ಅವರು ಕನ್ನಡಕ ತೆಗೆದು ಒರೆಸಿದರು. ‘ಒಂದು ಸಲ ಹಾಕಿದ್ದೆ. ಒಬ್ಬ ಹೆಂಗಸಿನ ಅರ್ಜಿ, ಇಸ್ಕೋಬೇಡ ಅಂದಿದ್ರು. ಪಾಪ, ಬೆಳಗಿಂದ ನಿಂತಿದ್ಲು.’

‘ನಮಗೆ ಯಾವತ್ತೂ ಹೇಳ್ಲಿಲ್ವಲ್ಲ.’

‘ಹೇಳೋ ಅಂಥದ್ದೇನಿದೆ ಅದರಲ್ಲಿ. ಚಹಾ ಆರ್ತಾ ಇದೆ, ಇಡ್ತೀನಿ,’ ಅಂದು ಫೋನ್ ಇಟ್ಟುಬಿಟ್ಟರು.

ಆಪಾ ಕಣ್ಣೊರೆಸಿಕೊಂಡು, ಮಾಮೂಲಿನಂತೆ ಒಂದು ಚೀಟಿ ಎಳೆದುಕೊಂಡು ಬರೆಯತೊಡಗಿದರು: ಇಂಕ್ ಪ್ಯಾಡ್ ಒಂದು, ತಗಡಿನದು, ಒಣಗಿದೆ. ಒಂಬತ್ತು ವರ್ಷದ ಪ್ರಶ್ನೆಗೆ ಉತ್ತರ ಒಂದು. ಬಂದಿದೆ. ಪೆನ್ನು ನಿಲ್ಲಿಸಿ, ಯಾರಿಂದ ಬಂತು ಅಂತ ಬರೀಬೇಕು, ನಿಮ್ಮ ತಂದೆ ಹೆಸರೇನು ಅಂದರು.

ಹೆಸರು ಹೇಳಿದೆ.

‘ಉದ್ಯೋಗ?’

‘ಟಪಾಲು ಗುಮಾಸ್ತರು,’ ಅಂದೆ. ‘ಸೀಲು ಹಾಕುವವರು.’