ಕಾರಿರೋ ಮನೆಯವರು

ಮೊನ್ನೆ ಹಾಸನದಲ್ಲಿ ಒಂದು ಗ್ಯಾರೇಜಿನ ಮುಂದೆ ಹಾದುಹೋಗುವಾಗ, ಬಿಸಿಲಲ್ಲಿ ಬಾಗಿಲು ತೆರೆದು ನಿಲ್ಲಿಸಿದ್ದ ಹಳೆಯ ಕಾರೊಂದರಿಂದ ಕಾದ ಚರ್ಮದ ಸೀಟಿನ ವಾಸನೆ ಬಂತು. ಅದರ ಹಿಂದೆಯೇ, ಅಲ್ಲೆಲ್ಲೂ ಇಲ್ಲದ ಒಣಕೊಬ್ಬರಿಯ ಸಿಹಿ ಎಣ್ಣೆವಾಸನೆಯೂ ಬಂದು ಮೂಗಿಗೆ ಅಡರಿತು. ನನ್ನ ಪಾಲಿಗೆ ಅವೆರಡೂ ಒಂದೇ ವಾಸನೆ. ಅರಸೀಕೆರೆಯ ನಮ್ಮ ಮನೆ ಈಗಿಲ್ಲ. ರಸ್ತೆಗೆ ಅಪ್ಪಾಜಿಯ ಕೊಬ್ಬರಿ ಮಂಡಿ, ಮಂಡಿಯ ಹಿಂದೆ ಮನೆ, ಪಕ್ಕದಲ್ಲಿ ತಗಡಿನ ಗೋಡೌನು. ಅಷ್ಟನ್ನೂ ಕೆಡವಿ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟಿದ್ದಾರೆ. ನೀವೂ ಹೀಗೆ ಆಡಿ ಬೆಳೆದ ಮನೆಯ ಜಾಗದಲ್ಲಿ ಯಾರದೋ ಶಟರ್ ಇಳಿದಿರುವುದನ್ನು ನೋಡಿದವರಾದರೆ ನಿಮಗೆ ಗೊತ್ತಿರುತ್ತದೆ, ಅಲ್ಲಿ ನಿಂತು ದುಃಖಪಡುವುದಕ್ಕೂ ಸಂಕೋಚವಾಗುತ್ತದೆ. ನನಗಂತೂ ದುಃಖಕ್ಕಿಂತ ಮೊದಲು ನಾಚಿಕೆಯೇ ಬರುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯ ಕಾರು.

ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ಅಪ್ಪಾಜಿ ಅದನ್ನು ಬೆಂಗಳೂರಿನಿಂದ ತಂದರು. ಕಪ್ಪಗೆ ಉದ್ದಕ್ಕಿದ್ದ ಜರ್ಮನಿಯ ಕಾರು. ಹೊಸದಾಗಿದ್ದಾಗ ಮಂತ್ರಿಗಳೋ ಸಿನಿಮಾದವರೋ ಕೂರುತ್ತಿದ್ದಂಥದ್ದು, ವಯಸ್ಸಾದ ಮೇಲೆ ಸಾಧಾರಣ ಕಾರಿನ ಬೆಲೆಗೆ ನಮ್ಮಂಥವರ ಕೈಗೂ ಎಟುಕಿತ್ತು. ಕಾರು ಹಳೆಯದಾದರೂ ಅದರ ರಿಪೇರಿ ಖರ್ಚು ಮಾತ್ರ ಮಂತ್ರಿಗಳದ್ದೇ ಎಂಬುದನ್ನು ಮಾರಿದವನು ಹೇಳಲಿಲ್ಲ, ಅಪ್ಪಾಜಿ ಕೇಳಲಿಲ್ಲ. ಮೊದಲ ಭಾನುವಾರವೇ ಅಜ್ಜಿಯನ್ನೂ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಹೊರಟರು. ಜಾವಗಲ್ಲಿನಲ್ಲಿ ಅಜ್ಜಿಯ ಅಕ್ಕ ಗಂಗಜ್ಜಿಯನ್ನು ಹತ್ತಿಸಿಕೊಂಡು ಹಳೇಬೀಡು, ಬೇಲೂರು ಎರಡನ್ನೂ ನೋಡಿ ಬಂದೆವು. ದೇವಸ್ಥಾನದ ಒಂದು ಶಿಲ್ಪವೂ ನನಗೆ ನೆನಪಿಲ್ಲ. ನೆನಪಿರುವುದು ಹಿಂದಿನ ಸೀಟಿನಲ್ಲಿ ಆ ಇಬ್ಬರು ಮುದುಕಿಯರು ಕಿಟಕಿಯ ಗುಂಡಿಯನ್ನು ಒತ್ತಿ ಒತ್ತಿ, ಗಾಜು ಇಳಿಸುತ್ತ ಏರಿಸುತ್ತ ಬಾಯಿಗೆ ಸೆರಗಿಟ್ಟು ನಗುತ್ತಿದ್ದದ್ದು. "ನಮ್ ಮಲ್ಲೇಶಿ ವಿಮಾನ ತಂದವ್ನೆ ಕಣೇ" ಎಂದು ಗಂಗಜ್ಜಿ ಅಪ್ಪಾಜಿಗೆ ಕೇಳುವಂತೆಯೇ ಅಂದರು. ಅಪ್ಪಾಜಿಯ ಕಿವಿ ಹಿಂದಿನಿಂದ ನೋಡಿದರೂ ಕೆಂಪಗಾಗಿತ್ತು. ಮಾರನೆಯ ದಿನ ನಾನು ಸ್ಕೂಲಿನಲ್ಲಿ ಸಿಕ್ಕವರ ಹತ್ತಿರವೆಲ್ಲ ಕೊಚ್ಚಿಕೊಂಡೆ.

ಮೊದಲು ಕೈಕೊಟ್ಟದ್ದು ಕಿಟಕಿಯೇ. ಇಳಿದ ಗಾಜು ಏರಲಿಲ್ಲ. ಆಮೇಲೆ ಎಸಿ ಹೋಯಿತು, ಎಂಜಿನ್ ಕೆಳಗೆ ಆಯಿಲ್ ಸೋರತೊಡಗಿತು, ಸ್ಟೀರಿಂಗ್ ಹಿಂದೆ ಕೆಂಪು ಹಳದಿ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಲಾರಿಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಪಳಗಿದ ಮೆಕ್ಯಾನಿಕ್ ನಾಗರಾಜಣ್ಣ ಬಾನೆಟ್ ಎತ್ತಿ ನೋಡಿ, "ಇದ್ರಾಗೆ ಎಂಜಿನ್ನೇ ಕಾಣಾಕಿಲ್ಲ ಸಾವ್ಕಾರ್ರೆ, ಬರೀ ಪ್ಲಾಸ್ಟಿಕ್ ಮುಚ್ಚಳ ಐತೆ" ಎಂದು ಹಾಗೇ ಮುಚ್ಚಿದ. ಆ ಕಾರಿಗೆ ಚಕ್ರಗಳ ಮೇಲೆ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲಗಳಿದ್ದವು. ಅವು ಬಿರುಕುಬಿಟ್ಟು ಗಾಳಿ ಸೋರಿ, ಬೆಳಿಗ್ಗೆ ನೋಡಿದರೆ ಕಾರು ಮುಂಗಾಲು ಮಡಚಿದ ಎಮ್ಮೆಯಂತೆ ನೆಲಕ್ಕೆ ಕೂತಿರುತ್ತಿತ್ತು. ಒಂದು ಚೀಲಕ್ಕೆ ಒಂದು ಹೊಸ ಸ್ಕೂಟರಿನ ಬೆಲೆ. ಹಾಕಿಸಿದರೆ ಜೋಡಿಯಾಗಿಯೇ ಹಾಕಿಸಬೇಕು. ಗಾಳಿ ತುಂಬುವ ಕಂಪ್ರೆಸರ್ ಸುಟ್ಟಿತ್ತು, ಅದರ ಖರ್ಚು ಬೇರೆ. ಇನ್ನೂ ಏನೇನು ಕೆಟ್ಟಿದೆ ಎಂದು ತಿಳಿಯಬೇಕಾದರೆ ಕಾರನ್ನು ಲಾರಿ ಮೇಲೆ ಹೇರಿಕೊಂಡು ಬೆಂಗಳೂರಿಗೆ ಒಯ್ದು ಕಂಪ್ಯೂಟರಿಗೆ ತೋರಿಸಬೇಕಿತ್ತು. ಇಷ್ಟು ಸಾಲದೆಂದು ನಾವೇ ಒಂದು ಹೆಡ್ಡತನ ಮಾಡಿದೆವು. ಧೂಳು ಬೀಳದಿರಲಿ ಎಂದು ಅದನ್ನು ಕೊಬ್ಬರಿ ಗೋಡೌನಿನಲ್ಲಿ ನಿಲ್ಲಿಸಿದೆವು. ಕೊಬ್ಬರಿ ಇದ್ದಲ್ಲಿ ಇಲಿ ಇರುತ್ತದೆ ಎಂಬುದು ಕೊಬ್ಬರಿ ವ್ಯಾಪಾರಿಗೆ ಯಾರಾದರೂ ಹೇಳಿಕೊಡಬೇಕೇ? ಇಲಿಗಳು ಬಾನೆಟ್ಟಿನೊಳಗೆ ಗೋಣಿನಾರಿನ ಗೂಡು ಕಟ್ಟಿ, ವೈರುಗಳನ್ನೆಲ್ಲ ಕಡಿದು ಹಾಕಿದವು. ಒಂದು ದಿನ ಕೀಲಿ ತಿರುಗಿಸಿದರೆ ಕಾರು ಉಸಿರೇ ಎತ್ತಲಿಲ್ಲ.

ಕೆಟ್ಟ ಕಾರನ್ನು ಮಾರಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಪ್ಪಾಜಿಯ ಚಿಂತೆಯೇ ಬೇರೆ. ಬೆಳೆಗಾರರು ಮಂಡಿಗೆ ಮಾಲು ಇಳಿಸಿ, ದುಡ್ಡನ್ನು ಆಮೇಲೆ ಒಯ್ಯುತ್ತಿದ್ದರು. ಸಾಹುಕಾರನ ಕೈ ಬರಿದಾಗಿದೆ ಎಂದು ಒಬ್ಬನ ಬಾಯಲ್ಲಿ ಬಂದರೆ ಸಾಕು, ಮಾಲು ಎದುರಿನ ಮಂಡಿಗೆ ಹೋಗುತ್ತಿತ್ತು. ಹಾಗಾಗಿ ಪ್ರತಿ ಸೋಮವಾರ ಅಪ್ಪಾಜಿ ಗೋಡೌನಿನ ಬಾಗಿಲನ್ನು ರಸ್ತೆಗೆ ಕಾಣುವಂತೆ ತೆರೆದು, ಆ ಜೀವವಿಲ್ಲದ ಕಾರನ್ನು ಒರೆಸಿ, ಬಾನೆಟ್ಟಿಗೆ ವಿಭೂತಿ ಎಳೆದು, ಊದುಬತ್ತಿ ಬೆಳಗುತ್ತಿದ್ದರು. ಒಳಗಿನ ಕತ್ತಲಲ್ಲಿ ಅದು ನಿಂತಿದೆಯೋ ಕೂತಿದೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನಾನು ಊದುಬತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಕಾರು ಬರುವ ಮುಂಚೆ ಅಜ್ಜಿ ತಿಂಗಳಿಗೊಮ್ಮೆ ಬಾಣಾವರದ ಮೇಲೆ ಹೋಗುವ ಬಸ್ಸು ಹತ್ತಿ, ಹುರಿಹಿಟ್ಟು, ಹುಚ್ಚೆಳ್ಳು ಪುಡಿ ಕಟ್ಟಿಕೊಂಡು ಜಾವಗಲ್ಲಿಗೆ ಹೋಗಿ ಅಕ್ಕನನ್ನು ನೋಡಿಕೊಂಡು ಬರುತ್ತಿದ್ದರು. ಗಂಗಜ್ಜಿಗೆ ಮಕ್ಕಳಿರಲಿಲ್ಲ, ಮೈದುನನ ಮಗನ ಮನೆಯಲ್ಲಿದ್ದರು. ಕಾರು ಬಂದ ಮೇಲೆ ಅಜ್ಜಿ ಆ ಬಸ್ಸು ಹತ್ತುವುದು ನಿಂತಿತು. ಗಂಗಜ್ಜಿ ಹಾಸಿಗೆ ಹಿಡಿದರೆಂದು ಫೋನು ಬಂದಾಗ ಅಜ್ಜಿ ಚೀಲ ತೆಗೆದಿಟ್ಟುಕೊಂಡರು. ಅಪ್ಪಾಜಿ ತಡೆದರು. "ಕಾರಿರೋ ಮನೆಯವ್ರು ಬಸ್ ಸ್ಟ್ಯಾಂಡ್‌ನಾಗೆ ನಿಂತ್ರೆ ಮಂಡಿಗೆ ಮಾಲ್ ಹಾಕೋರು ಏನಂದ್ಕೋತಾರವ್ವಾ? ಇನ್ನೊಂದ್ ವಾರ ತಡಿ, ಕಾರಿನ ಸಾಮಾನು ಬತ್ತೈತೆ." ಬಾಡಿಗೆ ಕಾರು ತರಿಸೋಣ ಎಂದು ಅಮ್ಮ ಮೆಲ್ಲಗೆ ಹೇಳಿ ನೋಡಿದರು. ಬಾಡಿಗೆ ಕಾರುಗಳು ನಿಲ್ಲುತ್ತಿದ್ದದ್ದೇ ನಮ್ಮ ಮಂಡಿಯ ಎದುರು. ಅದಕ್ಕೂ ಅಪ್ಪಾಜಿ ಒಪ್ಪಲಿಲ್ಲ. ವಾರಗಳು ಉರುಳಿದವು. ಫೋನಿನಲ್ಲಿ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ಕಾರ್ ಸರಿಯಾಗ್ಲಿ ಕಣಕ್ಕಾ, ಬತ್ತೀನಿ." ಮಗನ ಮರ್ಯಾದೆ ಉಳಿಸಲು ಅಜ್ಜಿ ಒಡಹುಟ್ಟಿದವಳನ್ನು ಕಾಯಿಸಿದರು. ಮನೆಮಂದಿಯೆಲ್ಲ ಅದನ್ನು ನೋಡುತ್ತ ಉಂಡು ಮಲಗುತ್ತಿದ್ದೆವಲ್ಲ ಎಂದು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಗಂಗಜ್ಜಿ ಹೋದ ಸುದ್ದಿ ಒಂದು ಬೆಳಿಗ್ಗೆ ಬಂತು. ಅಜ್ಜಿ ಅಳಲಿಲ್ಲ. ಉಟ್ಟ ಸೀರೆಯಲ್ಲೇ ಚಪ್ಪಲಿ ಮೆಟ್ಟಿ ಅಂಗಳ ದಾಟಿದರು. ಅಪ್ಪಾಜಿ ಹಿಂದೆಯೇ ಓಡಿ, "ನಿಲ್ಲವ್ವಾ, ಬಾಡಿಗೆ ಕಾರು ಕರೀತೀನಿ" ಎಂದರು. ಅಜ್ಜಿ ತಿರುಗಿ ಮಗನ ಮುಖವನ್ನೇ ನೋಡಿದರು. "ಇವತ್ ಸಿಕ್ತೈತೇನ್ಲಾ ಬಾಡಿಗೆ ಕಾರು?" ಎಂದರು. ಅಮ್ಮ ನನ್ನ ಕೈ ಹಿಡಿದುಕೊಂಡರು, ಎಲ್ಲರೂ ಅಜ್ಜಿಯ ಹಿಂದೆ ನಡೆದೆವು.

ಬಸ್ಸು ತುಂಬಿತ್ತು. ನಮ್ಮ ಮಂಡಿಗೆ ಮಾಲು ಹಾಕುವ ಬೆಳೆಗಾರರೊಬ್ಬರು ಅಪ್ಪಾಜಿಯನ್ನು ಕಂಡು, "ಏನ್ ಸಾವ್ಕಾರ್ರೆ, ಬಸ್ಸಿಗೆ ಬಂದ್ಬುಟ್ರಿ?" ಎಂದು ಬೆರಗಾಗಿ ಕೇಳಿದರು. ಅಪ್ಪಾಜಿ ತಡವರಿಸುವಷ್ಟರಲ್ಲಿ ಅಜ್ಜಿಯೇ, "ಕಾರ್ ಕೆಟ್ ಕೂತೈತೆ ಕಣಪ್ಪಾ. ನಮ್ಮಕ್ಕ ಹೋಗ್ಬುಟ್ಲು" ಎಂದರು. ಅವರು ಹೆಗಲ ಟವೆಲ್ಲು ತೆಗೆದು, ಶಿವಶಿವಾ ಎನ್ನುತ್ತ ಎದ್ದು ಸೀಟು ಬಿಟ್ಟುಕೊಟ್ಟರು. ಮುಂದಿನ ವಾರ ಎಂದಿನಂತೆಯೇ ನಮ್ಮ ಮಂಡಿಗೇ ಕೊಬ್ಬರಿ ತಂದು ಇಳಿಸಿದರು. ಅಪ್ಪಾಜಿ ಅಷ್ಟು ದಿನ ಹೆದರಿದ್ದು ಇಷ್ಟಕ್ಕೇ.

ಜಾವಗಲ್ಲಿನಲ್ಲಿ ಗಂಗಜ್ಜಿಯನ್ನು ನಮ್ಮವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ಆ ಮನೆಯ ಸೊಸೆ ಕಣ್ಣೊರೆಸಿಕೊಳ್ಳುತ್ತ, "ನೆನ್ನೆಗಂಟ ರೋಡ್‌ನಾಗೆ ಹಾರನ್ ಆದ್ರೆ ಸಾಕು, ನನ್ ತಂಗಿ ಕಾರ್ ಬಂತು, ಬಾಗ್ಲು ತೆಗೀರಿ ಅಂತಿದ್ರು" ಎಂದರು. ಒಳಗೆ ಕಾಲಿಟ್ಟಿದ್ದ ಅಪ್ಪಾಜಿ ಆ ಮಾತು ಕೇಳಿ ಹಾಗೇ ಹಿಂದಕ್ಕೆ ಸರಿದು, ಹೊರಗೆ ಚಪ್ಪಲಿಗಳ ಮಧ್ಯೆ ನಿಂತುಬಿಟ್ಟರು. ಅಜ್ಜಿ ಅಕ್ಕನ ಎದುರು ನೆಲದ ಮೇಲೆ ಕೂತರು, ನಾನು ಅಜ್ಜಿಗೆ ಒತ್ತಿಕೊಂಡು ಕೂತೆ. ಅಜ್ಜಿ ಮುಂದಕ್ಕೆ ಬಾಗಿ, ಅಕ್ಕನಿಗೆ ಕೇಳಿಸಿದರೆ ಸಾಕೆಂಬಷ್ಟು ಮೆಲ್ಲಗೆ ಅಂದರು:

"ಬಸ್ಸಲ್ಲಿ ಬಂದೆ ಕಣಕ್ಕಾ."